ಕಣ್ಣು ಮಿಟುಕಿಸಿ ಎನ್ನುವ ಯಂತ್ರವೂ ಪಂಚಶೀಲಾ ಅವರೂ

ಯಾದಗಿರಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸರ್ಕಾರಿ ಕಟ್ಟಡವೊಂದರ ಮೊದಲ ಮಹಡಿಯ ಬೀಗ ತೆಗೆದುಕೊಟ್ಟು ಕಾವಲುಗಾರ ಭಾಗಣ್ಣ ಚಹಾಕ್ಕೆಂದು ಕೆಳಗಿಳಿದಿದ್ದಾರೆ. ಕೋಣೆಯಲ್ಲಿ ದೀಪವಿಲ್ಲ. ಕತ್ತಲೊಳಗಿಂದ ಎರಡು ದನಿಗಳು ಕೇಳುತ್ತಿವೆ. ಒಂದು, ಉಸಿರು ಬಿಡದೆ ಓಡುವ ಯಂತ್ರದ ದನಿ. ಇನ್ನೊಂದು, ಅದನ್ನು ನಡುನಡುವೆ ತಡೆದು "ಹಿಂದಕ್ಕ ಹೋಗು, ಹಿಂದಕ್ಕ ಹೋಗು" ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುವ ಹೆಣ್ಣುಮಗಳದು. ಅವರ ಬಗ್ಗೆ ಬರೆಯಲೆಂದು ಬಂದು ಒಳಗೆ ಕಾಲಿಟ್ಟ ನಾನು ಕುರ್ಚಿಯೊಂದಕ್ಕೆ ಎಡವುತ್ತೇನೆ.

"ಲೈಟ್ ಹಾಕ್ಕೋರಿ. ಬೋರ್ಡ್ ನಿಮ್ಮ ಎಡಗಡಿ ಅದ," ಎನ್ನುತ್ತಾರೆ ಪಂಚಶೀಲಾ. "ನನಗ ಬೇಕಾಗಂಗಿಲ್ಲ, ಅದಕ್ಕ ಹಾಕಿಲ್ಲ."

ದೀಪ ಹತ್ತಿದ ಮೇಲೆ ಕಾಣುವುದು ಒಂದು ಮೇಜು, ಒಂದು ಕೀಬೋರ್ಡು, ಆಫ್ ಮಾಡಿಟ್ಟ ಕಂಪ್ಯೂಟರ್ ಪರದೆ, ಎರಡು ಮೊಬೈಲು. ಮಡಚಿದ ಬಿಳಿ ಕೋಲು ಮೇಜಿನ ಅಂಚಿಗೆ ಆನಿಸಿದೆ. ಪಂಚಶೀಲಾ ಅವರ ಬೆರಳು ಮೊಬೈಲಿನ ಗಾಜಿನ ಮೇಲೆ ಸರಿದಂತೆಲ್ಲ ಅದು ಅಲ್ಲಿರುವುದನ್ನು ಓದಿ ಹೇಳುತ್ತದೆ. ಈಗ ಅವರು ಪರೀಕ್ಷಿಸುತ್ತಿರುವುದು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಹೊಸ ಆ್ಯಪ್. ಹೆಸರು, ಊರು, ತಾಲ್ಲೂಕು ಎಲ್ಲ ತುಂಬಿದ್ದಾಯಿತು. ಕೊನೆಗೆ ಓಟಿಪಿ. ಸಂದೇಶ ಬಂದ ಸದ್ದಾಗುತ್ತದೆ. ಯಂತ್ರ ಮೊದಲು ಕಳಿಸಿದವರ ಹೆಸರು ಓದುತ್ತದೆ, ಆಮೇಲೆ ಎಚ್ಚರಿಕೆಯ ಮಾತು ಓದುತ್ತದೆ, ಆಮೇಲೆ ಅಂಕಿಗಳನ್ನು ಒಂದೊಂದಾಗಿ ಓದುತ್ತದೆ. ಅವರು ಅದನ್ನು ನೆನಪಿಟ್ಟುಕೊಂಡು ಆ್ಯಪ್‌ಗೆ ಮರಳುವಷ್ಟರಲ್ಲಿ ಸಮಯ ಮುಗಿದು ಪುಟ ಮೊದಲಿನ ಜಾಗಕ್ಕೆ ಹೋಗಿರುತ್ತದೆ. ತುಂಬಿದ್ದೆಲ್ಲ ಅಳಿಸಿಹೋಗಿದೆ.

"ಇದು ಇವತ್ತಿನ ನಾಲ್ಕನೇ ಸಲ," ಎಂದು ಅವರು ಮತ್ತೆ ಹೆಸರು ತುಂಬಲು ತೊಡಗುತ್ತಾರೆ. ಇಷ್ಟು ಬೆಳಿಗ್ಗೆ ಯಾಕೆ ಬರುತ್ತೀರಿ ಎಂದು ಕೇಳಿದರೆ ಸರಳ ಉತ್ತರ. ಹತ್ತು ಗಂಟೆಯ ಮೇಲೆ ಸರ್ವರ್ ಕುಂಟುತ್ತದೆ. ಆಗ ತಪ್ಪು ಸರ್ವರಿನದೋ ಆ್ಯಪ್‌ನದೋ ಹೇಳುವುದು ಕಷ್ಟ. ನಸುಕಿನಲ್ಲಾದರೆ ಆ್ಯಪ್‌ಗೆ ನೆಪವಿರುವುದಿಲ್ಲ.

ಪಂಚಶೀಲಾ ಅವರ ಹುದ್ದೆಗೆ ಕಡತದಲ್ಲಿ ಉದ್ದನೆಯ ಇಂಗ್ಲಿಷ್ ಹೆಸರಿದೆ. ಕಚೇರಿಯಲ್ಲಿ ಎಲ್ಲರೂ ಟೆಸ್ಟಿಂಗ್ ಮೇಡಂ ಎನ್ನುತ್ತಾರೆ. ಜಿಲ್ಲೆಯ ಜನ ಬಳಸುವ ಸರ್ಕಾರಿ ಆ್ಯಪ್, ವೆಬ್‌ಸೈಟ್, ಟೋಕನ್ ಯಂತ್ರ ಇವೆಲ್ಲ ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ಕೈ ನಡುಗುವವರಿಗೆ, ಓದು ಬಾರದವರಿಗೆ ದಕ್ಕುತ್ತವೆಯೇ ಎಂದು ನೋಡುವುದು, ದಕ್ಕದಿದ್ದರೆ ಎಲ್ಲಿ ಯಾಕೆ ಎಂದು ಬರೆದು ತಯಾರಿಸಿದವರಿಗೆ ಕಳಿಸುವುದು, ಸರಿಯಾಗುವವರೆಗೆ ಬೆನ್ನು ಬಿಡದಿರುವುದು ಅವರ ಕೆಲಸ. ಅವರ ತಾಯಿ ತಿಮ್ಮವ್ವ ಇದನ್ನೇ ಇನ್ನೂ ಚಿಕ್ಕದಾಗಿ ಹೇಳುತ್ತಾರೆ. "ಕಂಪ್ಯೂಟರು ತಪ್ಪು ಮಾಡಿದ್ರ ಅದಕ್ಕ ಬೈತಾಳ್ರಿ. ಪಗಾರ ಅದಕ್ಕ ಕೊಡ್ತಾರ."

ತಿಮ್ಮವ್ವ ಈಗಲೂ ತಮ್ಮೂರಾದ ಕೊಂಕಲ್‌ನಲ್ಲಿದ್ದಾರೆ, ಹತ್ತಿ ಬಿಡಿಸುವ ದಿನಗಳಲ್ಲಿ ಕೂಲಿಗೆ ಹೋಗುತ್ತಾರೆ. ಪಂಚಶೀಲಾ ಹುಟ್ಟಿದ್ದು ಅಲ್ಲಿಯೇ. ತಂದೆ ಅಯ್ಯಪ್ಪ ಪ್ರಾಥಮಿಕ ಶಾಲೆಯ ಮೇಷ್ಟರು. ಮಗಳಿಗೆ ಏಳನೇ ತರಗತಿಯವರೆಗೆ ಕಣ್ಣು ಕಾಣುತ್ತಿತ್ತು. ಮೊದಲು ಸಂಜೆಯಾದರೆ ಎಡವತೊಡಗಿದಳು. ಆಮೇಲೆ ಹಲಗೆಯ ಮೇಲಿನ ಅಕ್ಷರ ಮಾಯವಾದವು. ಕಲಬುರಗಿಯ ವೈದ್ಯರು ಇದು ಹುಟ್ಟಿನಿಂದ ಬಂದ ಕಾಯಿಲೆ, ನಿಧಾನಕ್ಕೆ ದೃಷ್ಟಿ ಪೂರ್ತಿ ಹೋಗುತ್ತದೆ ಎಂದರು. ಹೋಯಿತು. ಮೇಷ್ಟರು ಪಠ್ಯಪುಸ್ತಕಗಳನ್ನು ತಾವೇ ಓದಿ ಕ್ಯಾಸೆಟ್ಟುಗಳಿಗೆ ತುಂಬಿಕೊಟ್ಟರು. ಓದುವಾಗ ನಡುವೆ ಎಮ್ಮೆ ಕೂಗಿದ್ದು, ಯಾರೋ ಬಾಗಿಲಿಗೆ ಬಂದು ಮೇಷ್ಟ್ರೇ ಎಂದು ಕರೆದದ್ದು ಎಲ್ಲ ಅದರಲ್ಲಿ ಸೇರಿತ್ತು. ಹತ್ತನೇ ತರಗತಿಯ ಇತಿಹಾಸ ತನಗೆ ಇಂದಿಗೂ ಎಮ್ಮೆಯ ಕೂಗಿನೊಂದಿಗೇ ನೆನಪಾಗುತ್ತದೆ ಎಂದು ಪಂಚಶೀಲಾ ನಗುತ್ತಾರೆ. ಮಗಳು ಕೆಲಸಕ್ಕೆ ಸೇರುವ ಎರಡು ವರ್ಷ ಮೊದಲು ಅಯ್ಯಪ್ಪ ತೀರಿಕೊಂಡರು.

ಪದವಿ ಮುಗಿಸಿ, ಪರದೆ ಓದಿ ಹೇಳುವ ತಂತ್ರಾಂಶದಲ್ಲಿ ಕಂಪ್ಯೂಟರ್ ಕಲಿತು, ಅಂಗವಿಕಲರ ಮೀಸಲಿನಲ್ಲಿ ಡೇಟಾ ಎಂಟ್ರಿ ಕೆಲಸಕ್ಕೆ ಸೇರಿದರು. ಗುತ್ತಿಗೆಯ ಕೆಲಸ. ಸೇರಿದ ಮೇಲೆ ಗೊತ್ತಾಯಿತು, ಕಚೇರಿಯ ಕಂಪ್ಯೂಟರಿನಲ್ಲಿ ಆ ತಂತ್ರಾಂಶವನ್ನು ಹಾಕಲು ಅನುಮತಿ ಇಲ್ಲ. ಅನುಮತಿ ಯಾರು ಕೊಡಬೇಕೆಂಬುದು ಯಾರಿಗೂ ತಿಳಿಯದು. ತಿಂಗಳುಗಟ್ಟಲೆ ಬಂದು ಕುಳಿತು, ಸಹಿ ಮಾಡಿ, ಎದ್ದುಹೋದರು.

"ನನಗ ಕುರ್ಚಿ ಕೊಟ್ಟಿದ್ರು, ಕೆಲಸ ಕೊಟ್ಟಿದ್ದಿಲ್ಲ. ಸುಮ್ನ ಕೂತು ಪಗಾರ ತಗೊಂಡ್ರ ಮಂದಿ ಪುಣ್ಯವಂತಿ ಅಂತಾರ. ಕೂತು ನೋಡ್ರಿ, ಹೆಂಗಿರ್ತದ ಅಂತ ಗೊತ್ತಾಗ್ತದ."

ಕುಳಿತು ಬೇಸತ್ತ ಅವರು ತಮ್ಮ ಸ್ವಂತ ಮೊಬೈಲಿನಲ್ಲಿ ಇಲಾಖೆಯ ವೆಬ್‌ಸೈಟುಗಳನ್ನು ತೆರೆದು ನೋಡತೊಡಗಿದರು. ಅಂಗವಿಕಲರ ಸೌಲಭ್ಯಕ್ಕೆಂದೇ ಇದ್ದ ಒಂದು ಪುಟವನ್ನು ಅಂಧರು ತುಂಬಲು ಸಾಧ್ಯವೇ ಇರಲಿಲ್ಲ. ಮುಂದಕ್ಕೆ ಹೋಗಬೇಕಾದರೆ ಚಿತ್ರದಲ್ಲಿ ಸೊಟ್ಟಗೆ ಬರೆದ ಅಕ್ಷರಗಳನ್ನು ಗುರುತಿಸಬೇಕಿತ್ತು. ಇದನ್ನು ಅವರು ಆಗಿನ ಅಧಿಕಾರಿಗೆ ಮೊಬೈಲು ಹಿಡಿದು ತೋರಿಸಿದರು. ಆ ಅಧಿಕಾರಿ ಕೇಳುವ ತಾಳ್ಮೆ ಇದ್ದವರು. ಹೀಗೆಯೇ ಉಳಿದವನ್ನೂ ನೋಡಿ ಹೇಳಿ ಎಂದರು. ಅಲ್ಲಿಂದ ಈ ಕೆಲಸ ಶುರುವಾಯಿತು. ಗುತ್ತಿಗೆ ಮಾತ್ರ ಹಾಗೆಯೇ ಇದೆ. ಪ್ರತಿ ಮಾರ್ಚಿಗೆ ಮುಗಿಯುತ್ತದೆ. ಮುಂದುವರಿಸುವ ಆದೇಶ ಬರುವವರೆಗೆ ಏಪ್ರಿಲ್ ತಿಂಗಳು ನೆಮ್ಮದಿ ಇಲ್ಲ.

ವಾರದಲ್ಲಿ ಎರಡು ದಿನ ಅವರು ಹೊರಗೆ ಹೋಗುತ್ತಾರೆ. ಶಹಾಪುರ, ಸುರಪುರ, ವಡಗೇರಾದ ಸೇವಾ ಕೇಂದ್ರಗಳಲ್ಲಿ ಕೂತು, ಬಂದವರು ಎಲ್ಲಿ ತಡವರಿಸುತ್ತಾರೆ ಎಂದು ಕೇಳಿಸಿಕೊಳ್ಳುತ್ತಾರೆ. ಶಹಾಪುರದಲ್ಲಿ ಗುರುದೇವಿ ಎಂಬ ದರ್ಜಿ ಇದ್ದಾರೆ, ಮಾತು ಬಾರದು, ಕಿವಿ ಕೇಳದು. ಅವರ ಸಾಲದ ಅರ್ಜಿ ಎರಡು ಸಲ ತಿರಸ್ಕಾರವಾಗಿತ್ತು. ಕಾರಣ, ಪರಿಶೀಲನೆಗೆ ಫೋನ್ ಮಾಡಿದಾಗ ಅರ್ಜಿದಾರರು ಮಾತಾಡಲಿಲ್ಲ. ಪಂಚಶೀಲಾ ಆ ಅರ್ಜಿ ನಮೂನೆಯಲ್ಲಿ 'ಕರೆ ಬೇಡ, ಸಂದೇಶ ಕಳಿಸಿ' ಎಂಬ ಆಯ್ಕೆ ಸೇರುವಂತೆ ಮಾಡಿದರು. ಅದಕ್ಕೆ ಒಂದು ವರ್ಷ ಹಿಡಿಯಿತು. ಗುರುದೇವಿ ಈಗ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ.

ಇಂಥ ಕೆಲಸಗಳ ನಡುವೆ ಪಂಚಶೀಲಾ ಅವರ ನಿದ್ದೆ ಕೆಡಿಸಿದ್ದು ಒಂದೇ ಆ್ಯಪ್. ಪಿಂಚಣಿ ಪಡೆಯುವವರು ಬದುಕಿದ್ದಾರೆ ಎಂದು ವರ್ಷಕ್ಕೊಮ್ಮೆ ಖಾತ್ರಿ ಮಾಡುವ ಆ್ಯಪ್ ಅದು. ಹೊರಗಿನ ಒಂದು ಕಂಪನಿ ತಯಾರಿಸಿ ಕೊಟ್ಟದ್ದು. ಮೊಬೈಲಿನ ಕ್ಯಾಮೆರಾದ ಮುಂದೆ ಮುಖ ಹಿಡಿದರೆ ಅದು "ಕಣ್ಣು ಮಿಟುಕಿಸಿ" ಎನ್ನುತ್ತದೆ. ಮಿಟುಕಿಸಿದರೆ ಎದುರಿಗಿರುವುದು ಫೋಟೋ ಅಲ್ಲ, ಜೀವಂತ ಮನುಷ್ಯ ಎಂದು ಅದಕ್ಕೆ ನಂಬಿಕೆಯಾಗುತ್ತದೆ. ಕಳೆದ ವರ್ಷ ಬೇಸಿಗೆಗೆ ಮೊದಲು ಅದು ಪರೀಕ್ಷೆಗೆ ಬಂದಾಗ ಪಂಚಶೀಲಾ ತಮ್ಮ ಮುಖವನ್ನೇ ಹಿಡಿದು ನೋಡಿದರು. ಮೊದಲ ಸಲಕ್ಕೇ ಆಯಿತು. ಅಂಧರು ಬಳಸಬಹುದು ಎಂದು ಬರೆದು ಕಳಿಸಿದರು.

ಮಳೆಗಾಲ ಶುರುವಾದಾಗ ಸುರಪುರದಿಂದ ಸಂಗಮನಾಥ ಫೋನ್ ಮಾಡಿದರು. ಸಂಗಮನಾಥ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಪಂಚಾಯಿತಿ ಮಟ್ಟದಲ್ಲಿ ಅಂಗವಿಕಲರ ಅರ್ಜಿ, ಕಾರ್ಡು ನೋಡಿಕೊಳ್ಳುವವರು. ಅವರಿಗೂ ಪೋಲಿಯೋದಿಂದ ಎರಡೂ ಕಾಲು ಇಲ್ಲದಂತೆಯೇ. ಮೂರು ಗಾಲಿಯ ಸ್ಕೂಟರಿನಲ್ಲಿ ತಿರುಗುತ್ತಾರೆ. ರಂಗಂಪೇಟೆಯ ಉಸ್ಮಾನಸಾಬ ಎಂಬುವರ ಪಿಂಚಣಿ ನಿಂತಿದೆ, ಆ್ಯಪ್ ಅವರನ್ನು ಒಪ್ಪುತ್ತಿಲ್ಲ, ನೀವೇ ಬಂದು ನೋಡಿ ಎಂದರು.

ಪಂಚಶೀಲಾ ಮರುದಿನವೇ ಬಸ್ಸು ಹತ್ತಿದರು. ಉಸ್ಮಾನಸಾಬರಿಗೆ ಎಪ್ಪತ್ತರ ಹತ್ತಿರ. ಕೂಸಿದ್ದಾಗ ಸಿಡುಬು ಬಂದು ಎರಡೂ ಕಣ್ಣು ಹೋದವು. ಹುಡುಗನಿದ್ದಾಗ ಹೈದರಾಬಾದಿನಲ್ಲಿ ಕುರ್ಚಿಗೆ ಬೆತ್ತ ಹೆಣೆಯುವುದನ್ನು ಕಲಿತು, ಅದರಿಂದಲೇ ಸಂಸಾರ ನಡೆಸಿದವರು. ಈ ಭಾಗದ ಎಷ್ಟೋ ಹಳೆಯ ಕಚೇರಿಗಳ ಕುರ್ಚಿಗಳಿಗೆ ಬೆತ್ತ ಹಾಕಿದ್ದು ಅವರೇ. ಈಗ ಮಗಳು ನಜೀಮಾಳ ಜೊತೆ ಇದ್ದಾರೆ. ಪಂಚಶೀಲಾ ಮೊಬೈಲನ್ನು ಅವರ ಮುಖದ ಮುಂದೆ ಹಿಡಿದರು. ಆ್ಯಪ್ ಕಣ್ಣು ಮಿಟುಕಿಸಿ ಎಂದಿತು. ಉಸ್ಮಾನಸಾಬ ಹುಬ್ಬು ಎತ್ತಿ ಇಳಿಸಿದರು. ಆ್ಯಪ್ ಮತ್ತೆ ಕಣ್ಣು ಮಿಟುಕಿಸಿ ಎಂದಿತು. ಅವರು ಕೆನ್ನೆ ಕುಣಿಸಿದರು. ಮೂರನೆಯ ಸಲ ಸುಮ್ಮನೆ ಕುಳಿತರು.

"ಎಲ್ಲಿಂದ ಮಿಟುಕಿಸ್ಲಿ ಬೇಟಿ?" ಎಂದರು. "ಇಲ್ಲಿ ಏನೂ ಇಲ್ಲ. ಕೈ ಹಚ್ಚಿ ನೋಡು."

ಅವರು ಪಂಚಶೀಲಾ ಅವರ ಕೈ ಹಿಡಿದು ತಮ್ಮ ಮುಖಕ್ಕೆ ತಾಗಿಸಿದರು. ಕಣ್ಣಿರಬೇಕಾದ ಜಾಗದಲ್ಲಿ ರೆಪ್ಪೆಗಳು ಒಳಗೆ ಸೇದಿಹೋಗಿ ಚರ್ಮ ಕೂಡಿಕೊಂಡಿತ್ತು. ಆಗಲೇ ತನಗೆ ತಿಳಿದದ್ದು ಎನ್ನುತ್ತಾರೆ ಪಂಚಶೀಲಾ.

"ನನಗ ಕಾಣಂಗಿಲ್ಲ ಖರೆ, ಆದ್ರ ನನ್ನ ರೆಪ್ಪಿ ಮಿಟುಕತಾವು. ಅದಕ್ಕ ಪಾಸಾಯ್ತು. ಕುರುಡರಂದ್ರ ಎಲ್ಲಾರೂ ನನ್ನಂಗ ಇರ್ತಾರ ಅಂತ ನಾನೂ ತಿಳ್ಕೊಂಡಿದ್ದೆ. ಕಣ್ಣಿದ್ದವರು ಮಾಡೋ ತಪ್ಪನ್ನ ನಾನೂ ಮಾಡಿದ್ದೆ ನೋಡ್ರಿ."

ಬೇರೆ ದಾರಿಗಳನ್ನು ಅಲ್ಲಿಯೇ ಕೂತು ಒಂದೊಂದಾಗಿ ನೋಡಿದರು. ಬೆರಳಚ್ಚು ಬೀಳಲಿಲ್ಲ. ಐವತ್ತು ವರ್ಷ ಬೆತ್ತ ಎಳೆದ ಬೆರಳುಗಳಲ್ಲಿ ಗೆರೆ ಉಳಿದಿರಲಿಲ್ಲ. ಮೊಬೈಲಿಗೆ ಓಟಿಪಿ ತರಿಸೋಣವೆಂದರೆ ದಾಖಲೆಯಲ್ಲಿದ್ದದ್ದು ಎಂದೋ ನಿಂತುಹೋದ ನಂಬರು, ಅದನ್ನು ಬದಲಿಸಲು ಮತ್ತೆ ಬೆರಳಚ್ಚು ಬೇಕು. ಕಣ್ಣಿನ ಪಾಪೆಯಿಂದ ಗುರುತು ಹಿಡಿಸುವ ಮಾತೇ ಇಲ್ಲ. ಗ್ರಾಮ ಲೆಕ್ಕಿಗರು ಮನೆಗೆ ಬಂದು ನೋಡಿ, ಇವರು ಬದುಕಿದ್ದಾರೆ ಎಂದು ಬರೆದುಕೊಟ್ಟಿದ್ದರು. ಆ ಕಾಗದವನ್ನು ಆ್ಯಪ್‌ಗೆ ಸೇರಿಸುವ ಜಾಗವೇ ಇರಲಿಲ್ಲ.

ಪಿಂಚಣಿ ನಿಂತದ್ದಕ್ಕಿಂತ ಬೇರೊಂದು ಸಂಗತಿ ಅಪ್ಪನಿಗೆ ನಾಟಿತ್ತು ಎಂದು ನಜೀಮಾ ಹೇಳುತ್ತಾರೆ. ಓಣಿಯ ಮೂಲೆಯ ಹೋಟೆಲಿಗೆ ದಿನಾ ಸಂಜೆ ಚಹಾಕ್ಕೆ ಹೋಗುವುದು ಅವರ ರೂಢಿ. ಗೆಳೆಯರು ಚೇಷ್ಟೆಗೆ, ಸರ್ಕಾರದ ಲೆಕ್ಕದಲ್ಲಿ ನೀನು ಹೋಗಿಬಿಟ್ಟಿದ್ದೀ, ಚಹಾ ಯಾರಿಗೆ ಕೊಡಬೇಕು ಎಂದರಂತೆ. ಅವರೂ ನಕ್ಕು ಬಂದರು. ಮರುದಿನದಿಂದ ಹೋಟೆಲಿಗೆ ಹೋಗುವುದನ್ನೇ ಬಿಟ್ಟರು.

ಯಾದಗಿರಿಗೆ ಮರಳಿದ ಪಂಚಶೀಲಾ ತಾವೇ ಬರೆದಿದ್ದ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವುದಾಗಿ ಕಂಪನಿಗೆ ಬರೆದರು. ಕಂಪನಿಯಿಂದ ಬಂದ ಮೊದಲ ಉತ್ತರ, ಬಳಕೆದಾರರಿಗೆ ಬೆಳಕಿನಲ್ಲಿ ನಿಂತು ಕಣ್ಣು ಚೆನ್ನಾಗಿ ತೆರೆಯಲು ತಿಳಿಸಿ ಎಂದಿತ್ತು. ಎರಡನೆಯ ಉತ್ತರ ಸ್ವಲ್ಪ ಯೋಚಿಸಿ ಬರೆದದ್ದು. ಇಂಥವರು ಎಷ್ಟು ಮಂದಿ ಇದ್ದಾರೆ? ಒಬ್ಬಿಬ್ಬರಿಗಾಗಿ ಆ್ಯಪ್ ಬದಲಿಸಲಾಗದು. ಈಗಿನ ಅಧಿಕಾರಿ ಕೂಡ ಗೊಂದಲದಲ್ಲಿದ್ದರು. ವಿನಾಯಿತಿ ಕೊಡಲು ನಿಯಮದಲ್ಲಿ ಅಡ್ಡಿಯಿಲ್ಲ, ಆದರೆ ಆ್ಯಪ್‌ನಲ್ಲಿ ದಾರಿಯಿಲ್ಲ, ನಾನೇನು ಮಾಡಲಿ ಎಂದರು. ನಿಮ್ಮ ಕೆಲಸ ಆ್ಯಪ್ ನೋಡುವುದು, ಊರೂರು ತಿರುಗುವುದಲ್ಲ, ಗುತ್ತಿಗೆಯ ವಿಷಯ ನೆನಪಿರಲಿ ಎಂದೂ ಮೆತ್ತಗೆ ಎಚ್ಚರಿಸಿದರು. ಅವರ ಮಾತಿನಲ್ಲಿ ಬೆದರಿಕೆಯಿರಲಿಲ್ಲ, ಕಾಳಜಿಯೇ ಇತ್ತು ಎನ್ನುತ್ತಾರೆ ಪಂಚಶೀಲಾ. ಹಾಗೆಂದು ಭಯವಾಗಲಿಲ್ಲ ಎಂದು ಅವರು ಹೇಳುವುದಿಲ್ಲ. ಕೊಂಕಲ್‌ನ ಮನೆ ನಡೆಯುವುದು ಅವರ ಪಗಾರದ ಮೇಲೆ.

ಎಷ್ಟು ಮಂದಿ ಎಂಬ ಪ್ರಶ್ನೆಗೆ ಉತ್ತರ ಯಾರ ಬಳಿಯೂ ಇರಲಿಲ್ಲ. ಅದನ್ನು ಹುಡುಕಲು ಶ್ರಾವಣದ ರಜೆಯ ದಿನಗಳಲ್ಲಿ ಪಂಚಶೀಲಾ ಮತ್ತು ಸಂಗಮನಾಥ ಹೊರಟರು. ಸಂಗಮನಾಥ ಸ್ಕೂಟರ್ ಓಡಿಸುವುದು, ಪಂಚಶೀಲಾ ಹಿಂದೆ ಕೂತು ಮೊಬೈಲಿನಲ್ಲಿ ದಾರಿ ಕೇಳಿ ಹೇಳುವುದು. ಕಕ್ಕೇರಾದ ಕಡೆ ಕಾಲುವೆ ನೀರು ಹರಿದು ಕೆಸರಾದ ದಾರಿಯಲ್ಲಿ ಗಾಲಿ ಹೂತಿತು. ಇಳಿದು ತಳ್ಳಲು ಸಂಗಮನಾಥರಿಗೆ ಆಗದು, ಯಾವ ಕಡೆ ತಳ್ಳಬೇಕೆಂದು ಪಂಚಶೀಲಾ ಅವರಿಗೆ ಕಾಣದು.

"ನಾ ಕೂತಲ್ಲಿಂದ ಎಡಕ್ಕ, ಬಲಕ್ಕ ಅಂತ ಹೇಳ್ದೆ, ಮೇಡಂ ನೂಕಿದ್ರು," ಎಂದು ನೆನೆಯುತ್ತಾರೆ ಸಂಗಮನಾಥ. "ಗದ್ದಿಯೊಳಗ ಭತ್ತದ ನೆಟ್ಟಿ ಹಚ್ಚಾಕತ್ತಿದ್ದ ಹೆಣ್ಮಕ್ಕಳು ನಿಂತು ನೋಡಿದ್ರು. ಆಮ್ಯಾಲ ಅವರೇ ಬಂದು ಎತ್ತಿ ಇಟ್ರು."

ಆ ಹೆಂಗಸರಲ್ಲಿ ಒಬ್ಬರು ಇವರು ಬಂದ ಕಾರಣ ಕೇಳಿ, ನಮ್ಮ ಅತ್ತೆಗೂ ಅದು ಕಣ್ಣು ಹೊಡಿ ಹೊಡಿ ಅಂತದ ಎಂದು ಮನೆಗೆ ಕರೆದೊಯ್ದರು. ಅತ್ತೆ ಹಂಪಮ್ಮನಿಗೆ ಪಾರ್ಶ್ವವಾಯು ಹೊಡೆದು ಮುಖದ ಒಂದು ಭಾಗ ಅಲುಗುತ್ತಿರಲಿಲ್ಲ. ಒಂದೇ ಕಣ್ಣು ಮಿಟುಕುತ್ತಿತ್ತು, ಆ್ಯಪ್‌ಗೆ ಅದು ಸಾಲದು. ಆವರೆಗೆ ಪಂಚಶೀಲಾ ಅಂಧರನ್ನು ಮಾತ್ರ ಹುಡುಕುತ್ತಿದ್ದರು. ಅಲ್ಲಿಂದ ಮುಂದೆ ಪಾರ್ಶ್ವವಾಯುವಾದವರನ್ನು, ಮುಖ ಸುಟ್ಟವರನ್ನು, ತಲೆ ನೆಟ್ಟಗೆ ನಿಲ್ಲದವರನ್ನು ಕೇಳತೊಡಗಿದರು. ಮೂರು ತಾಲ್ಲೂಕುಗಳಲ್ಲಿ, ಅವರಿಬ್ಬರಿಗೆ ಮುಟ್ಟಲು ಸಾಧ್ಯವಾದ ಹಳ್ಳಿಗಳಲ್ಲಿಯೇ, ನೂರಕ್ಕೂ ಹೆಚ್ಚು ಮಂದಿ ಸಿಕ್ಕರು. ಕೆಲವರಿಗೆ ಪಿಂಚಣಿ ಯಾಕೆ ನಿಂತಿತೆಂದೇ ಗೊತ್ತಿರಲಿಲ್ಲ. ಸರ್ಕಾರ ನಿಲ್ಲಿಸಿದೆ ಎಂದುಕೊಂಡು ಸುಮ್ಮನಿದ್ದರು.

ಒಪ್ಪಿದವರ ಮುಂದೆ ಆ್ಯಪ್ ತೆರೆದು, ಆಗುವುದನ್ನು ಸಂಗಮನಾಥರ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರು. ದೀಪಾವಳಿಗೆ ಮುಂಚೆ ಕಂಪನಿಯವರೊಂದಿಗೆ ವಿಡಿಯೋ ಸಭೆ ನಡೆಯಿತು. ಅಧಿಕಾರಿಯೂ ಕುಳಿತಿದ್ದರು. ಪಂಚಶೀಲಾ ಸಂಖ್ಯೆ ಹೇಳಿದರು. ಆಮೇಲೆ ಉಸ್ಮಾನಸಾಬರ ಚಿತ್ರೀಕರಣ ಹಾಕಿದರು. ಕಣ್ಣು ಮಿಟುಕಿಸಿ ಎನ್ನುವ ಯಂತ್ರ, ಅಲ್ಲಿಯೂ ಎಲ್ಲಿಂದ ಮಿಟುಕಿಸ್ಲಿ ಎಂದೇ ಕೇಳುವ ಮುದುಕ. ಆ ಕಡೆ ಆ್ಯಪ್ ಬರೆದ ಎಂಜಿನಿಯರ್ ಸೌಭಾಗ್ಯ ಇದ್ದರು. ಕಡೆಯವರೆಗೂ ನೋಡಿ, ಇನ್ನೊಮ್ಮೆ ಹಾಕಿ ಎಂದರಂತೆ. ಎರಡನೆಯ ಸಲ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ, ಗ್ರಾಮ ಲೆಕ್ಕಿಗರ ಕಾಗದ ಯಾವ ರೂಪದಲ್ಲಿರುತ್ತದೆ ಎಂದು. ಅಂದರೆ ಕೆಲಸ ಶುರುವಾಯಿತು ಎಂದು ಪಂಚಶೀಲಾ ಅವರಿಗೆ ಅರ್ಥವಾಯಿತು.

ಸಂಕ್ರಾಂತಿಯ ಹೊತ್ತಿಗೆ ಆ್ಯಪ್‌ನ ಹೊಸ ಆವೃತ್ತಿ ಬಂದಿತು. ಮುಖ, ಬೆರಳು ಎರಡೂ ಆಗದಿದ್ದರೆ ಬೇರೆ ಮಾರ್ಗ ಎಂಬ ಗುಂಡಿ ಅದರಲ್ಲಿತ್ತು. ಅದನ್ನು ಒತ್ತಿ ಲೆಕ್ಕಿಗರ ಪತ್ರ ಸೇರಿಸಿದರೆ ಸಾಕು. ಕಚೇರಿಯಲ್ಲಿ ಎಲ್ಲರೂ ಅಭಿನಂದಿಸಿದರು. ಪಂಚಶೀಲಾ ಮೊಬೈಲು ತೆಗೆದು ಬೆರಳಾಡಿಸಿದರು. ಆ ಜಾಗಕ್ಕೆ ಬೆರಳು ಬಂದಾಗ ಮೊಬೈಲು "ಬಟನ್" ಎಂದಷ್ಟೇ ಹೇಳಿ ಸುಮ್ಮನಾಯಿತು. ಗುಂಡಿಯ ಮೇಲೆ ಅಕ್ಷರಗಳು ಕಾಣುತ್ತಿದ್ದವು, ಆದರೆ ಓದಿ ಹೇಳುವ ತಂತ್ರಾಂಶಕ್ಕೆ ಅದರ ಹೆಸರನ್ನು ಕೊಡಲು ಮರೆತಿದ್ದರು. ಕುರುಡರಿಗಾಗಿ ಮಾಡಿದ ಗುಂಡಿ ಕುರುಡರಿಗೆ ಸಿಗುತ್ತಿರಲಿಲ್ಲ.

"ಸಿಟ್ಟು ಬಂತೇನು ಅಂತ ಎಲ್ಲಾರೂ ಕೇಳ್ತಾರ. ನಗು ಬಂತ್ರಿ. ಸೌಭಾಗ್ಯ ಮೇಡಂಗೆ ಫೋನ್ ಮಾಡ್ದೆ. ಅವರೂ ನಕ್ರು. ಸಂಜಿಕ ಸರಿ ಮಾಡಿ ಕಳಿಸಿದ್ರು."

ಆ ಮಾರ್ಚಿನಲ್ಲಿ ಗುತ್ತಿಗೆ ಮುಂದುವರಿಯಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಎಲ್ಲರದೂ ಮುಂದುವರಿದಿದೆ ಎನ್ನುತ್ತಾರೆ ಅವರು. ಹೊಸ ಮಾರ್ಗದಲ್ಲಿ ಈವರೆಗೆ ಎಷ್ಟು ಮಂದಿಯ ಪಿಂಚಣಿ ಮರಳಿತು ಎಂದರೆ, ಎಲ್ಲರದೂ ಇನ್ನೂ ಆಗಿಲ್ಲ ಎಂಬುದೇ ಅವರ ಉತ್ತರ. ಹಲವು ಸೇವಾ ಕೇಂದ್ರಗಳ ನೌಕರರಿಗೆ ಆ ಗುಂಡಿ ಇರುವುದೇ ತಿಳಿದಿಲ್ಲ. ಅದಕ್ಕಾಗಿ ಈಗ ಮತ್ತೆ ಓಡಾಟ.

ಮಧ್ಯಾಹ್ನ ನಾನು ಅವರ ಜೊತೆ ಸುರಪುರಕ್ಕೆ ಹೋಗುತ್ತೇನೆ. ಸೇವಾ ಕೇಂದ್ರದ ಹುಡುಗಿಯೊಬ್ಬಳಿಗೆ ಅವರು ಕಲಿಸುವ ಮೊದಲ ಪಾಠ ಆ್ಯಪ್‌ನದಲ್ಲ. ಬಂದವರ ಹೆಸರನ್ನು ಅವರ ಜೊತೆಗಿದ್ದವರ ಹತ್ತಿರ ಕೇಳಬೇಡ, ಅವರನ್ನೇ ಕೇಳು ಎಂಬುದು. ಅಲ್ಲಿಂದ ರಂಗಂಪೇಟೆಗೆ. ಉಸ್ಮಾನಸಾಬ ಮನೆಯಲ್ಲಿಲ್ಲ, ಹೋಟೆಲಿಗೆ ಹೋಗಿದ್ದಾರೆ. ನಜೀಮಾ ಚಹಾ ಕೊಟ್ಟು, ಹೊಸ ಮಾರ್ಗದಲ್ಲಿ ಅಪ್ಪನ ಖಾತ್ರಿಯಾದ ದಿನದ ಕಥೆ ಹೇಳುತ್ತಾರೆ. ಪತ್ರ ಸೇರಿಸಿದ ಮೇಲೆ ಆ್ಯಪ್ ಕನ್ನಡದಲ್ಲಿ, ತಾವು ಜೀವಂತವಾಗಿರುವುದು ದೃಢಪಟ್ಟಿದೆ ಎಂದಿತಂತೆ. ಅಪ್ಪನಿಗೆ ಸರಿಯಾಗಿ ಕೇಳಿಸಲಿಲ್ಲ. ಏನಂತು, ಇನ್ನೊಮ್ಮೆ ಹೇಳಲು ಅದಕ್ಕೆ ಹೇಳು ಎಂದರು. ಯಂತ್ರ ಒಂದೇ ಸಲ ಹೇಳುವುದು. ಕೊನೆಗೆ ಸಂಗಮನಾಥ ಅವರ ಕಿವಿಯ ಹತ್ತಿರ ಬಾಗಿ, ನೀವು ಬದುಕೀರಿ ಸಾಹೇಬರೇ ಎಂದು ಜೋರಾಗಿ ಹೇಳಬೇಕಾಯಿತು.

ಬಸ್ಸಿಗೆ ಕಾಯುತ್ತ ನಿಂತಾಗ, ಮುಂದೆ ಏನು ಆಗಬೇಕು ಎಂದು ಪಂಚಶೀಲಾ ಅವರನ್ನು ಕೇಳುತ್ತೇನೆ. ಕೆಲಸ ಕಾಯಂ ಆಗುವುದನ್ನೋ ದೊಡ್ಡ ಯೋಜನೆಯನ್ನೋ ಹೇಳುತ್ತಾರೆಂದು ನನ್ನ ನಿರೀಕ್ಷೆ.

"ಆ ಪಿಂಚಣಿ ಆ್ಯಪ್‌ಗ 'ಮತ್ತೊಮ್ಮೆ ಕೇಳಿ' ಅಂತ ಒಂದು ಬಟನ್ ಹಾಕ್ಸಬೇಕ್ರಿ. ಕಂಪನಿಗೆ ಬರೆದೀನಿ, ಇನ್ನಾ ಜವಾಬು ಬಂದಿಲ್ಲ. ಮುದುಕರಿಗೆ ಒಳ್ಳೇ ಸುದ್ದಿ ಎರಡು ಸಲ ಹೇಳಬೇಕು."